ಅಪಾಯವಿರುವ ಔಷಧಿಗೆ ಸಹಿ ಹಾಕಬಹುದೇ?

2019ರ ಮಳೆಗಾಲ. ಯಲ್ಲಾಪುರ ತಾಲೂಕಿನವರು ಆ ವರ್ಷದ ಮಳೆಯನ್ನು ಇನ್ನೂ ಮರೆತಿಲ್ಲ. ಕಿರವತ್ತಿಯಲ್ಲಿ ಇಶಾ ನಮಾಝ್ ಮುಗಿಸಿ, ಸೋರುತ್ತಿದ್ದ ಮಾಡಿನ ಕೆಳಗಿಂದ ಮಕ್ಕಳ ಕಿತಾಬುಗಳನ್ನು ಒಣಜಾಗಕ್ಕೆ ಸರಿಸುತ್ತಿದ್ದಾಗ ನಮಗೊಂದು ಫೋನ್ ಕರೆ ಬಂದಿತು. ಕರೆ ಮಾಡಿದವರು ನಮ್ಮ ಜಮಾಅತ್ತಿನ ಒಬ್ಬ ರೈತರು. ಕಾಡಂಚಿನ ತುಂಡು ಹೊಲದಲ್ಲಿ ಭತ್ತ, ಗೋವಿನಜೋಳ ಬೆಳೆದು ಬದುಕುವವರು. ಅವರ ಒಂಬತ್ತು ವರ್ಷದ ಮಗಳು ದಿನವೂ ಬೆಳಗ್ಗೆ ನಮ್ಮಲ್ಲಿ ಕುರ್‌ಆನ್ ಓದಲು ಬರುತ್ತಿದ್ದಳು. ಅಂದು ಮುಸ್ಸಂಜೆ ಸೌದೆಯ ರಾಶಿಯಿಂದ ಒಣಕಟ್ಟಿಗೆ ಎಳೆಯುವಾಗ ಕೊಳಕುಮಂಡಲ ಅವಳ ಪಾದಕ್ಕೆ ಕಚ್ಚಿತ್ತು. ನೆರೆಯವರ ಜೀಪಿನಲ್ಲಿ ಅವಳನ್ನು ಆಸ್ಪತ್ರೆಗೆ ತಲುಪಿಸಿದ್ದರು.

"ಹಜ್ರತ್, ಡಾಕ್ಟರ್ ಒಂದು ಕಾಗದ ಕೊಟ್ಟಿದ್ದಾರೆ. ಹಾವಿನ ಇಂಜೆಕ್ಷನ್ ಹಾಕಬೇಕಂತೆ. ಎಲ್ಲೋ ಒಬ್ಬೊಬ್ಬರಿಗೆ ಆ ಇಂಜೆಕ್ಷನ್ನೇ ಆಗಿಬರದೆ ಜೀವ ಹೋಗುವುದೂ ಉಂಟಂತೆ. ನಾನು ಸಹಿ ಹಾಕಿ, ನಾಳೆ ಹೆಚ್ಚುಕಡಿಮೆಯಾದರೆ, ಅಲ್ಲಾಹನ ಮುಂದೆ ಮಗಳನ್ನು ಕೊಂದವನು ನಾನೇ ಆಗುತ್ತೀನಾ? ನೀವು ಹೇಳಿದ ಹಾಗೆ ಮಾಡುತ್ತೇನೆ."

"ಕಿತಾಬು ನೋಡಿ ಹೇಳುತ್ತೇವೆ ಭಾಯಿ, ಸ್ವಲ್ಪ ತಡೆಯಿರಿ" ಎಂದೆವು.

ಆ ಒಂದು ಮಾತಿನ ಕುರಿತು ಬರೆಯಲು ನಮಗೆ ಆರು ವರ್ಷ ಬೇಕಾಯಿತು.

ಆ ರಾತ್ರಿ ಮೊದಲು ನೆನಪಿಗೆ ಬಂದದ್ದು ಪವಿತ್ರ ಕುರ್‌ಆನಿನ ಎರಡು ಆದೇಶಗಳು. ನಮ್ಮ ಕೈಯಾರೆ ನಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬಾರದೆಂದು ಸೂರಃ ಅಲ್‌ಬಕರದ 195ನೇ ವಚನ ತಡೆಯುತ್ತದೆ. ನಮ್ಮನ್ನು ನಾವು ಕೊಂದುಕೊಳ್ಳಬಾರದೆಂದು ಸೂರಃ ಅನ್ನಿಸಾದ 29ನೇ ವಚನ ವಿಧಿಸುತ್ತದೆ. ಆದರೆ ಆ ತಂದೆಯ ಮುಂದೆ ನಾಶದ ಬಾಗಿಲು ಒಂದಲ್ಲ, ಎರಡಿದ್ದವು: ಇಂಜೆಕ್ಷನ್ನಿನಲ್ಲಿ ಒಂದು, ವಿಷದಲ್ಲಿ ಇನ್ನೊಂದು. ಬಳಿಕ, ಔಷಧಿ ಮಾಡಬಹುದೇ ಎಂದು ಕೇಳಿದ ಹಳ್ಳಿಗಾಡಿನ ಅರಬರಿಗೆ ಪ್ರವಾದಿಯವರು(ಸ) ಮಾಡಿರಿ ಎಂದು ಅನುಮತಿ ಕೊಟ್ಟ, ಉಸಾಮಾ ಬಿನ್ ಶರೀಕ್‌ರಿಂದ(ರ) ವರದಿಯಾದ ಹದೀಸ್ ನೆನಪಾಯಿತು. ಅದು ಚಿಕಿತ್ಸೆಗೆ ಪ್ರೇರೇಪಿಸುತ್ತದೆ, ನಿಜ. ಆದರೆ ತಂದೆಯ ಪ್ರಶ್ನೆ ಅದಾಗಿರಲಿಲ್ಲ. ಔಷಧಿಯೇ ಕೊಲ್ಲಬಹುದಾದಲ್ಲಿ ಏನು ಮಾಡಬೇಕೆಂಬುದು ಅವರ ಪ್ರಶ್ನೆ.

ನಮ್ಮನ್ನು ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. ವಿದ್ಯಾರ್ಥಿ ದೆಸೆಯಲ್ಲಿ ನಾವು ಓದಿದ ಹನಫಿ ಗ್ರಂಥಗಳಲ್ಲಿ, ಔರಂಗಝೇಬರ ಆಜ್ಞೆಯಿಂದ ಸಂಕಲನಗೊಂಡ ಫತಾವಾ ಆಲಂಗೀರಿಯಲ್ಲಿ ಕೂಡ, ಹಾನಿಯನ್ನು ನಿವಾರಿಸುವ ಉಪಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ಹಸಿವಿಗೆ ಅನ್ನ, ಬಾಯಾರಿಕೆಗೆ ನೀರು: ಇವು ಖಚಿತವಾದವು. ರಕ್ತ ತೆಗೆಯುವುದು, ಹಿಜಾಮ, ಸಾಮಾನ್ಯ ಔಷಧಿಗಳು: ಇವು ಸಂಭವನೀಯವಾದವು. ಬರೆ ಹಾಕುವುದು, ಮಂತ್ರಿಸುವುದು: ಇವು ಕೇವಲ ಊಹೆಯವು. ಪ್ರಾಣಭಯವಿರುವಾಗ ಮೊದಲನೆಯದನ್ನು ಬಿಡುವುದು ಪಾಪ. ಎರಡನೆಯದನ್ನು ಬಿಟ್ಟು ಸತ್ತವನು ಪಾಪಿಯಲ್ಲ. ಏಕೆಂದರೆ ಅದರಿಂದ ಗುಣವಾಗುತ್ತದೆಂಬ ಖಾತ್ರಿ ಇರಲಿಲ್ಲ. ಈ ಕೊನೆಯ ಮಾತು ನಮ್ಮ ತಲೆಯಲ್ಲಿ ಕುಳಿತುಬಿಟ್ಟಿತ್ತು. ಸಹಿ ಹಾಕದಿದ್ದರೂ ತಂದೆ ಪಾಪಿಯಲ್ಲ, ಹಾಕಿದರೆ ಏನಾದೀತೋ ಎಂಬ ಲೆಕ್ಕಾಚಾರಕ್ಕೆ ನಾವು ಇಳಿದಿದ್ದೆವು. ಬೇಡ ಎನ್ನುವುದು ಸುರಕ್ಷಿತ ಉತ್ತರದಂತೆ ತೋರುತ್ತಿತ್ತು. ಯಾರಿಗೆ ಸುರಕ್ಷಿತ ಎಂದು ನಾವು ಆಗ ಕೇಳಿಕೊಳ್ಳಲಿಲ್ಲ.

ಆಮೇಲೆ ಕೈಗೆ ಬಂದದ್ದು ಇಬ್ನು ಕುದಾಮರ 'ಅಲ್ ಮುಗ್ನಿ'. 1223ರಲ್ಲಿ ಮರಣ ಹೊಂದಿದ ಈ ಹಂಬಲಿ ವಿದ್ವಾಂಸರು ವಿಷ ಬೆರೆತ ಔಷಧಿಗಳ ಬಗ್ಗೆ ನೇರವಾಗಿಯೇ ಚರ್ಚಿಸುತ್ತಾರೆ. ಅದನ್ನು ಸೇವಿಸಿದವರಲ್ಲಿ ಸಾವೋ ಬುದ್ಧಿಭ್ರಮಣೆಯೋ ಹೆಚ್ಚಾಗಿ ಸಂಭವಿಸುವುದಾದರೆ ಅದು ನಿಷಿದ್ಧ. ಹೆಚ್ಚಾಗಿ ಬದುಕುವುದೇ ಕಂಡುಬಂದು ಪ್ರಯೋಜನದ ನಿರೀಕ್ಷೆಯೂ ಇದ್ದರೆ ಅನುಮತಿಸುವುದೇ ಮೇಲು, ಅದಕ್ಕಿಂತ ಭಯಂಕರವಾದುದನ್ನು ತಡೆಯಬೇಕಾಗಿರುವುದರಿಂದ. ಇದಕ್ಕೆ ವಿರುದ್ಧವಾಗಿ, ತನ್ನನ್ನು ಅಪಾಯಕ್ಕೊಡ್ಡಿಕೊಳ್ಳುವುದು ಸಲ್ಲದೆಂಬ ವಾದವನ್ನೂ ಅವರು ಮುಂದಿಟ್ಟು, ಅದಕ್ಕೆ ಉತ್ತರವನ್ನೂ ಕೊಡುತ್ತಾರೆ: ಭಯವಿರುವ ಔಷಧಿಗಳು ಎಷ್ಟೋ ಇವೆ, ಆದರೂ ಹೆಚ್ಚಿನ ಕೇಡನ್ನು ನಿವಾರಿಸಲೆಂದು ಅವು ಅನುಮತಿಸಲ್ಪಟ್ಟಿವೆ.

ಭಟ್ಕಳದ ಕಡೆಯ ಸಹಪಾಠಿಯೊಬ್ಬರು ಕೊಟ್ಟಿದ್ದ ಇಮಾಮ್ ನವವಿಯವರ 'ಮಿನ್ಹಾಜ್' ಕೂಡ ನಮ್ಮಲ್ಲಿತ್ತು. ನಮ್ಮ ಊರಿನವರು ಹನಫಿಗಳು, ಕರಾವಳಿಯ ನವಾಯತರು ಶಾಫಿಈಗಳು. ಆ ಕಿತಾಬನ್ನು ನಾವು ಅಪರೂಪಕ್ಕೆ ತೆರೆಯುತ್ತಿದ್ದೆವು. ಮೈಯಲ್ಲಿ ಬೆಳೆದ ಗಡ್ಡೆಯನ್ನು ಕತ್ತರಿಸುವ ವಿಷಯದಲ್ಲಿ ಅದರಲ್ಲೊಂದು ವಿಧಿಯಿದೆ. ಪ್ರಾಯಕ್ಕೆ ಬಂದ ಸ್ವತಂತ್ರ ಮನುಷ್ಯ ತನ್ನ ಗಡ್ಡೆಯನ್ನು ತಾನೇ ಕತ್ತರಿಸಿಕೊಳ್ಳಬಹುದು. ಬಿಟ್ಟರೆ ಅಪಾಯವೇ ಇಲ್ಲದಿದ್ದರೆ, ಇಲ್ಲವೆ ಬಿಡುವುದಕ್ಕಿಂತ ಕತ್ತರಿಸುವುದರಲ್ಲೇ ಹೆಚ್ಚು ಅಪಾಯವಿದ್ದರೆ ಮಾತ್ರ ಕೂಡದು. ಮಗುವಿನ ವಿಷಯದಲ್ಲಿ, ಬಿಡುವುದರ ಅಪಾಯ ಹೆಚ್ಚಾಗಿದ್ದರೆ, ತಂದೆಗೂ ಅಜ್ಜನಿಗೂ ಆ ಅಧಿಕಾರವಿದೆ. ಸುಲ್ತಾನನಿಗಿಲ್ಲ! ಹೀಗೆ ಅನುಮತಿಯಿದ್ದ ಚಿಕಿತ್ಸೆಯಿಂದಲೇ ಮಗು ಸತ್ತರೆ ಪರಿಹಾರದ ಹೊಣೆಯಿಲ್ಲವೆಂಬುದು ಪ್ರಬಲವಾದ ಅಭಿಪ್ರಾಯ.

ಆ ತಂದೆ ಕೇಳಿದ ಪ್ರಶ್ನೆಗೆ ಏಳುನೂರು ವರ್ಷಗಳ ಹಿಂದೆಯೇ ಬರೆದಿಟ್ಟ ಉತ್ತರ ಇದು. ಅಪಾಯವಿದೆಯೇ ಎಂದು ಕೇಳಬೇಡ, ಯಾವ ಕಡೆಯ ಅಪಾಯ ಭಾರವೆಂದು ತೂಗಿ ನೋಡು. ತೂಗಿ ನೋಡಿ ನಡೆದವನು ಕೊಲೆಗಾರನಲ್ಲ. ನಾವು ಸಂತೋಷದಿಂದ ಫೋನ್ ಎತ್ತಿಕೊಂಡೆವು. ಅಷ್ಟರಲ್ಲಿ ಇಪ್ಪತ್ತೈದು ನಿಮಿಷ ಕಳೆದಿತ್ತು.

"ಹಜ್ರತ್, ಅವಳ ಅಮ್ಮ ಹೆಬ್ಬೆಟ್ಟು ಒತ್ತಿಬಿಟ್ಟಳು. ಇಂಜೆಕ್ಷನ್ ಶುರುವಾಗಿದೆ" ಎಂದರು ತಂದೆ.

ನಡೆದದ್ದನ್ನು ಆಮೇಲೆ ತಿಳಿದೆವು. ಮಗುವನ್ನು ತಂದ ಕೂಡಲೇ ವೈದ್ಯರು ಅವಳ ರಕ್ತವನ್ನು ಒಂದು ಗಾಜಿನ ನಳಿಕೆಯಲ್ಲಿ ಹಾಕಿ ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟಿದ್ದರು. ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಇಪ್ಪತ್ತು ನಿಮಿಷ ಕಳೆದರೂ ನಳಿಕೆಯ ರಕ್ತ ನೀರಿನಂತೆ ಹರಿದರೆ ವಿಷ ಒಳಗೆ ಸೇರಿದೆ ಎಂದೇ ಅರ್ಥ. ಹರಿಯಿತು. ಆಗ ಆ ಕಾಗದ ಹೊರಬಂತು. ತಾಯಿ ತಕ್ಷಣ ಒಪ್ಪಿದ್ದರು. "ಹಜ್ರತ್ ಹೇಳಲಿ" ಎಂದು ತಂದೆಯೇ ಅವರ ಕೈ ಹಿಡಿದು ಕೂರಿಸಿದ್ದರು. ವೈದ್ಯರ ಇಪ್ಪತ್ತು ನಿಮಿಷದ ಕಾಯುವಿಕೆಯಿಂದ ಒಂದು ಜ್ಞಾನ ದೊರಕಿತು. ನಮ್ಮ ಇಪ್ಪತ್ತೈದು ನಿಮಿಷದಿಂದ ಆ ಮಗುವಿಗೆ ಏನೂ ದೊರಕಲಿಲ್ಲ.

ಕಾಗದದಲ್ಲಿದ್ದ ಅಪಾಯ ಸುಳ್ಳಾಗಿರಲಿಲ್ಲ. ಈ ಔಷಧಿ ತಯಾರಾಗುವುದು ಕುದುರೆಗಳಿಂದ. ನಮ್ಮ ದೇಶದಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ಹಾವುಗಳ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತಾರೆ. ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. 1895ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಕಂಡುಹಿಡಿದ ದಾರಿ ಮೂಲತಃ ಇಂದಿಗೂ ಅದೇ. ಕುದುರೆಯ ಪ್ರೋಟೀನು ಮನುಷ್ಯನ ದೇಹಕ್ಕೆ ಪರಕೀಯ. ಆದ್ದರಿಂದ ತುರಿಕೆ, ದದ್ದು, ಚಳಿ, ವಾಂತಿ ಅಪರೂಪವಲ್ಲ. ಕೆಲವರಿಗೆ ಉಸಿರು ಕಟ್ಟಿ ರಕ್ತದೊತ್ತಡ ಕುಸಿಯುತ್ತದೆ. ತೀರಾ ಅಪರೂಪಕ್ಕೆ ಸಾವೂ ಸಂಭವಿಸುತ್ತದೆ. ಹಾವು ದೊಡ್ಡವರಿಗೂ ಮಕ್ಕಳಿಗೂ ಅಷ್ಟೇ ವಿಷ ಹಾಕುವುದರಿಂದ ಮಕ್ಕಳಿಗೆಂದು ಔಷಧಿಯ ಪ್ರಮಾಣವನ್ನು ಕಡಿಮೆ ಮಾಡುವಂತಿಲ್ಲ. (ಕುದುರೆಯ ರಕ್ತದ್ದು ಹಲಾಲೋ ಎಂದು ಆಮೇಲೆ ಮಸೀದಿಯಲ್ಲಿ ಒಬ್ಬರು ನಮ್ಮನ್ನು ಕೇಳಿದ್ದುಂಟು. ಬೇರೆ ಔಷಧಿ ಇಲ್ಲದಿರುವಾಗ, ನಂಬಿಕಸ್ಥ ವೈದ್ಯನ ಮಾತಿನ ಮೇಲೆ, ನಿಷಿದ್ಧ ವಸ್ತುವೂ ಔಷಧಿಯಾಗಿ ಅನುಮತಿಸಲ್ಪಡುತ್ತದೆಂದು ನಮ್ಮ ಹನಫಿ ವಿದ್ವಾಂಸರು ಹೇಳಿದ್ದಾರೆ. ಆ ಪ್ರಶ್ನೆಗೆ ಅಷ್ಟು ಸಾಕು.)

ಮೊದಲ ಬಾಟಲಿ ಇಳಿಯುತ್ತಿದ್ದಂತೆಯೇ ಮಗುವಿನ ಮೈತುಂಬ ದದ್ದು ಎದ್ದವು, ಉಸಿರು ಸಿಕ್ಕಿಕೊಳ್ಳತೊಡಗಿತು. ಪಕ್ಕದಲ್ಲೇ ಸಿದ್ಧವಾಗಿಟ್ಟಿದ್ದ ಅಡ್ರಿನಲಿನ್ ಚುಚ್ಚಿದರು. ಇಂಜೆಕ್ಷನ್ ನಿಲ್ಲಿಸಿ, ಅವಳು ಸುಧಾರಿಸಿದ ಮೇಲೆ ನಿಧಾನವಾಗಿ ಮತ್ತೆ ಆರಂಭಿಸಿದರು. ತಂದೆ ಹೆದರಿದ್ದ ಅಪಾಯ ನಿಜವಾಗಿ ಬಂದು, ಹತ್ತಿರದಲ್ಲೇ ಹಾದುಹೋಯಿತು. ಆದರೆ ವಿಷವೂ ತನ್ನ ಕೆಲಸ ಮಾಡಿತ್ತು. ಮೂರನೆಯ ದಿನ ಮೂತ್ರ ನಿಂತಿತು. ಹುಬ್ಬಳ್ಳಿಗೆ ಸಾಗಿಸಿ ಹಲವು ಬಾರಿ ಡಯಾಲಿಸಿಸ್ ಮಾಡಿಸಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಮಗು ಬದುಕಿತು.

ಆ ಇಪ್ಪತ್ತೈದು ನಿಮಿಷ ಮೊದಲೇ ಇಂಜೆಕ್ಷನ್ ಹಾಕಿದ್ದರೆ ಮೂತ್ರಪಿಂಡ ಉಳಿಯುತ್ತಿತ್ತೇ ಎಂದು ನಾವು ಅಲ್ಲಿನ ವೈದ್ಯರನ್ನು ಕೇಳಿದೆವು. "ಹೇಳಲಾಗದು. ಬೇಗ ಕೊಟ್ಟಷ್ಟೂ ಒಳ್ಳೆಯದು" ಎಂದರು. ಅವರು ಅಷ್ಟೇ ಹೇಳಿದರು. ಅದಕ್ಕಿಂತ ಹೆಚ್ಚು ಹೇಳಲು ಯಾರಿಂದಲೂ ಆಗದು.

ಊರಿಗೆ ಮರಳುವ ಬಸ್ಸಿನಲ್ಲಿ ನೆನಪಾದದ್ದು ಅಬೂದಾವೂದ್ ಸಂಗ್ರಹದಲ್ಲಿ ಜಾಬಿರ್(ರ) ವರದಿ ಮಾಡಿದ ಘಟನೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡುವ ರಿಯಾಯಿತಿ ಇದೆಯೇ ಎಂದು ಸಂಗಡಿಗರನ್ನು ಕೇಳಿದರು. ನೀರು ಸಿಗುತ್ತಿರುವಾಗ ರಿಯಾಯಿತಿ ಇಲ್ಲ ಎಂದರು ಅವರು. ಗಾಯಾಳು ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿಯವರು(ಸ), ಆ ಸಂಗಡಿಗರೇ ಅವರನ್ನು ಕೊಂದರೆಂದು ಕಠಿಣವಾಗಿ ನುಡಿದರು. ತಿಳಿಯದಿದ್ದ ಮೇಲೆ ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ಕೇಳುವುದೇ ಎಂದರು. ಈ ಹದೀಸನ್ನು ನಾವು ಎಷ್ಟೋ ಬಾರಿ ಪಾಠ ಹೇಳಿದ್ದೇವೆ, ಗಾಯಾಳುವಿಗೆ ತಯಮ್ಮುಮ್ ಸಲ್ಲುತ್ತದೆಂಬುದಕ್ಕೆ ಆಧಾರವಾಗಿ. ಫತ್ವಾ ಕೊಡುವವನ ಕುತ್ತಿಗೆಗೆ ಬೀಳುವ ಹೊಣೆ ಅದರಲ್ಲಿದೆಯೆಂದು ಅನ್ನಿಸಿದ್ದು ಅಂದೇ. ಆ ಸಂಗಡಿಗರು ತಿಳಿಯದೆ ಬೇಗ ಹೇಳಿದರು. ನಾವು ಹೇಳಬೇಕಾದುದನ್ನು ತಡವಾಗಿ ಹೇಳಿದೆವು. ನಾವು ಕೇಳಬೇಕಿದ್ದದ್ದು ಕಿತಾಬನ್ನಲ್ಲ, ಆ ತಂದೆಯ ಪಕ್ಕದಲ್ಲೇ ನಿಂತಿದ್ದ ವೈದ್ಯರನ್ನು: ಬಿಟ್ಟರೆ ಏನಾಗುತ್ತದೆ, ಕೊಟ್ಟರೆ ಏನಾಗಬಹುದು ಎಂದು. ಇಬ್ನು ಕುದಾಮರೂ ನವವಿಯವರೂ ತಕ್ಕಡಿಯನ್ನು ಮಾತ್ರ ಕೊಟ್ಟಿದ್ದಾರೆ. ಅದರಲ್ಲಿಡುವ ತೂಕ ವೈದ್ಯನ ಕೈಯಲ್ಲಿದೆ.

ಫತಾವಾ ಆಲಂಗೀರಿಯ ಆ ಮೂರು ಬಗೆಗಳ ಸಂಗತಿಯನ್ನೂ ಮತ್ತೆ ಯೋಚಿಸಿದೆವು. ಔಷಧಿಯನ್ನು ಸಂಭವನೀಯ ಎಂದು ಅವರು ಕರೆದದ್ದು ಅವರ ಕಾಲದ ಔಷಧಿಯನ್ನು ನೋಡಿ. ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಇಂಜೆಕ್ಷನ್ನಿಗೆ ಹೆದರಿ ನಾಟಿ ಮದ್ದಿಗೆ ಕಾಯುತ್ತ ಆಸ್ಪತ್ರೆ ತಲುಪದವರು ಅವರಲ್ಲಿ ಎಷ್ಟೋ ಮಂದಿ. ರಕ್ತ ಹೆಪ್ಪುಗಟ್ಟದಿರುವುದು ಕಣ್ಣಿಗೆ ಕಾಣುತ್ತಿರುವಾಗ ಈ ಔಷಧಿ ಊಹೆಗಿಂತ ಅನ್ನ–ನೀರಿಗೆ ಹತ್ತಿರವಾಗುತ್ತದೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1992ರಲ್ಲಿ ಜಿದ್ದಾದಲ್ಲಿ ಕೈಗೊಂಡ ನಿರ್ಣಯದಲ್ಲಿ, ಬಿಟ್ಟರೆ ಪ್ರಾಣವೋ ಅಂಗವೋ ಹೋಗುವಂತಿದ್ದರೆ ಚಿಕಿತ್ಸೆ ಕಡ್ಡಾಯವೆಂದು ಹೇಳಿದೆ. ಪೋಷಕನ ನಿರಾಕರಣೆಯಿಂದ ಮಗುವಿಗೆ ಸ್ಪಷ್ಟ ಹಾನಿಯಾಗುವುದಾದರೆ ಆ ನಿರಾಕರಣೆಗೆ ಬೆಲೆಯಿಲ್ಲ, ಅಧಿಕಾರ ಮುಂದಿನ ಪೋಷಕರಿಗೆ, ಕೊನೆಗೆ ಆಡಳಿತಕ್ಕೆ ಹೋಗುತ್ತದೆ. ಸುಲ್ತಾನನನ್ನು ಹೊರಗಿಟ್ಟ 'ಮಿನ್ಹಾಜ್' ಒಂದು ಕಡೆ, ಅವನನ್ನು ಕೊನೆಯಲ್ಲಿ ಒಳಗೆ ಕರೆಯುವ ಅಕಾಡೆಮಿ ಇನ್ನೊಂದು ಕಡೆ. ಅಂದು ಹೆಬ್ಬೆಟ್ಟು ಒತ್ತಿದ ಆ ತಾಯಿಯ ಹೆಸರು 'ಮಿನ್ಹಾಜ್'ನ ಆ ಸಾಲಿನಲ್ಲಿಲ್ಲ.

ಇಷ್ಟಾದರೂ ನಮ್ಮ ಹಿಂಜರಿಕೆಗೆ ಒಂದು ಹೆಸರು ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಯಹೂದಿ ಧರ್ಮಶಾಸ್ತ್ರದ ಬಗ್ಗೆ ಓದುವಾಗ. ಓದುಗರು ಆಶ್ಚರ್ಯಪಡಬೇಕಿಲ್ಲ. ಕುರ್ತುಬಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಮೂಸಾ ಬಿನ್ ಮೈಮೂನ್ ಯಹೂದಿಗಳ ಮಹಾ ಧರ್ಮಶಾಸ್ತ್ರಜ್ಞರು. ಸಲಾಹುದ್ದೀನ್ ಅಯ್ಯೂಬಿಯವರ ಆಸ್ಥಾನದ ವೈದ್ಯರೂ ಹೌದು. ಸಲಾಹುದ್ದೀನರ ಮಂತ್ರಿ ಅಲ್‌ಕಾದಿ ಅಲ್‌ಫಾದಿಲರ ಕೋರಿಕೆಯ ಮೇರೆಗೆ ಅವರು 1199ರಲ್ಲಿ ಅರಬಿಯಲ್ಲೇ ಬರೆದ ಕೃತಿ ವಿಷಗಳ ಹಾಗೂ ಪ್ರತಿವಿಷಗಳ ಕುರಿತಾದದ್ದು. ಹಾವು ಕಚ್ಚಿದರೆ ವೈದ್ಯ ಬರುವ ಮೊದಲು ಏನು ಮಾಡಬೇಕೆಂದು ಜನಸಾಮಾನ್ಯರಿಗಾಗಿ ಬರೆದ ಪುಸ್ತಕ. ಇಬ್ನು ಕುದಾಮರು ದಮಾಸ್ಕಸ್ಸಿನಲ್ಲಿದ್ದದ್ದೂ ಅದೇ ಅಯ್ಯೂಬಿ ಆಳ್ವಿಕೆಯಲ್ಲಿ.

ಮೂಸಾ ಬಿನ್ ಮೈಮೂನರ ತರುವಾಯದ ಪೀಳಿಗೆಯಲ್ಲಿ ಸ್ಪೇನಿನ ಗಿರೋನದಲ್ಲಿದ್ದ ಮೂಸಾ ಬಿನ್ ನಹ್ಮಾನ್ ಎಂಬ ಯಹೂದಿ ವಿದ್ವಾಂಸರು, ಅವರೂ ವೈದ್ಯರೇ, ಒಂದು ಪ್ರಶ್ನೆ ಎತ್ತುತ್ತಾರೆ. ಗುಣಪಡಿಸಲು ವೈದ್ಯನಿಗೆ ತೌರಾತ್ ಅನುಮತಿ ಕೊಟ್ಟಿದೆಯೆಂದು ಪ್ರತ್ಯೇಕವಾಗಿ ಹೇಳಬೇಕಾದ ಅಗತ್ಯವೇನಿತ್ತು? ಅವರ ಉತ್ತರ ಹೀಗಿದೆ: ಈ ತೊಂದರೆ ತನಗೇಕೆ, ಎಲ್ಲಾದರೂ ತಪ್ಪಿ ಒಂದು ಜೀವ ಹೋದೀತು ಎಂದು ವೈದ್ಯ ಕೈಕಟ್ಟಿ ಕೂರಬಾರದೆಂದೇ ಆ ಅನುಮತಿ. ಔಷಧಿಯೆಂದರೆ ಅಪಾಯವೇ, ಒಬ್ಬನನ್ನು ಗುಣಪಡಿಸಿದ್ದು ಇನ್ನೊಬ್ಬನನ್ನು ಕೊಲ್ಲಬಹುದು ಎಂಬುದನ್ನು ಅವರು ಮುಚ್ಚಿಡುವುದಿಲ್ಲ. ಮುಂದೆ ಯೂಸುಫ್ ಕಾರೊ ಎಂಬವರು ಸಂಗ್ರಹಿಸಿ 1565ರಲ್ಲಿ ಅಚ್ಚಾದ ಯಹೂದಿ ನ್ಯಾಯಸಂಹಿತೆಯಲ್ಲಿ, ಬಲ್ಲವನಾಗಿದ್ದೂ ಚಿಕಿತ್ಸೆ ಮಾಡದೆ ತಡೆದುಕೊಂಡವನು ರಕ್ತ ಹರಿಸಿದವನಿಗೆ ಸಮಾನನೆಂದು ವಿಧಿಸಲಾಗಿದೆ. ಬಲ್ಲವನಲ್ಲದವನು ಕೈಹಾಕಲೇಕೂಡದೆಂದೂ ಅಲ್ಲೇ ಇದೆ. ವೈದ್ಯವಿದ್ಯೆ ತಿಳಿಯದೆ ವೈದ್ಯ ಮಾಡಿದವನು ಹಾನಿಗೆ ಹೊಣೆಯೆಂಬ ನಮ್ಮ ಹದೀಸಿಗೆ ಇದು ತೀರ ಹತ್ತಿರ.

ನಮ್ಮ ಕಿತಾಬುಗಳು ತಂದೆಯ ಪ್ರಶ್ನೆಗೆ ಉತ್ತರ ಕೊಟ್ಟಿದ್ದವು. ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಆ ರಾತ್ರಿ ನಾವು ಹೆದರಿದ್ದು ಮಗುವಿಗಾಗಿ ಮಾತ್ರವಲ್ಲ. ಹಜ್ರತ್ ಹೇಳಿದ್ದರಿಂದ ಮಗು ಸತ್ತಿತೆಂಬ ಮಾತು ಊರಿನಲ್ಲಿ ಹುಟ್ಟೀತೆಂದು ಹೆದರಿದ್ದೆವು. ಕಿತಾಬಿನ ಪುಟ ಮಗುಚುತ್ತಿದ್ದ ನಮ್ಮ ಬೆರಳಿಗೆ ಆ ಭಯ ಗೊತ್ತಿತ್ತು. ನಮಗೆ ಒಪ್ಪಿಕೊಳ್ಳಲಾಗಿರಲಿಲ್ಲ.

ಇದೇ ಪ್ರಶ್ನೆ ಎರಡು ವರ್ಷಗಳ ಬಳಿಕ ಬೇರೆ ವೇಷದಲ್ಲಿ ಬಂದಿತು. 2021ರ ಜೂನ್‌ನಲ್ಲಿ ಕೋವಿಡ್ ಲಸಿಕೆಗೆ ನಮ್ಮ ಜನ ಹಿಂಜರಿಯುತ್ತಿದ್ದರು. ಈ ಸಲ ತಡಮಾಡಬಾರದೆಂಬ ಹುರುಪಿನಲ್ಲಿ ನಾವು ಮಸೀದಿಯ ಮೈಕಿನಲ್ಲಿ ಮಾತಾಡಿದೆವು. ಶಾಮಿನಲ್ಲಿ ಪ್ಲೇಗ್ ಹರಡಿದಾಗ ಉಮರ್(ರ) ದಾರಿಯಿಂದಲೇ ಮರಳಿದ ಘಟನೆಯನ್ನು ವಿವರಿಸಿ, ಲಸಿಕೆಯಲ್ಲಿ ಯಾವ ಅಪಾಯವೂ ಇಲ್ಲ, ನಿಶ್ಚಿಂತೆಯಿಂದ ತೆಗೆದುಕೊಳ್ಳಿರಿ ಎಂದೆವು. ಬಹಳ ಜನ ಹೋಗಿ ಕೋವಿಶೀಲ್ಡ್ ಹಾಕಿಸಿಕೊಂಡರು.

2024ರ ಮೇ ತಿಂಗಳಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು. ಆ ಲಸಿಕೆಯನ್ನು ರೂಪಿಸಿದ ಆಸ್ಟ್ರಾಜೆನೆಕಾ, ತೀರಾ ಅಪರೂಪದ ಸಂದರ್ಭಗಳಲ್ಲಿ ಅದರಿಂದ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಕುಸಿಯುವ ತೊಂದರೆ ಉಂಟಾಗಬಹುದೆಂದು ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತ್ತು. ಜುಮಾ ಮುಗಿದ ಮೇಲೆ ಹಿರಿಯರೊಬ್ಬರು ನಮ್ಮ ಬಳಿ ಬಂದರು. "ಹಜ್ರತ್, ಅಂದು ಮೈಕಿನಲ್ಲಿ ಏನೂ ಆಗುವುದಿಲ್ಲ ಅಂದಿದ್ದಿರಿ." ಜಗಳವಾಡಲು ಬಂದವರಲ್ಲ ಅವರು. ಅವರಿಗೆ ಏನೂ ಆಗಿರಲೂ ಇಲ್ಲ. ಸುಮ್ಮನೆ ನೆನಪಿಸಿದರು.

ನಮ್ಮ ಸಲಹೆ ತಪ್ಪಾಗಿರಲಿಲ್ಲ. ಆ ಜೂನ್‌ನಲ್ಲಿ ರೋಗದ ತಟ್ಟೆಯೇ ಭಾರವಾಗಿತ್ತು. ಇಬ್ನು ಕುದಾಮರ ತಕ್ಕಡಿಯಲ್ಲಿ ಇಟ್ಟರೂ ಉತ್ತರ ಅದೇ. ಆದರೆ ಯಾವ ಅಪಾಯವೂ ಇಲ್ಲವೆಂಬುದು ಸತ್ಯವಾಗಿರಲಿಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2021ರ ಏಪ್ರಿಲ್‌ನಲ್ಲೇ ಈ ಅಪರೂಪದ ಅಡ್ಡಪರಿಣಾಮವನ್ನು ಪಟ್ಟಿಗೆ ಸೇರಿಸಬೇಕೆಂದು ಹೇಳಿತ್ತು, ಅಂದರೆ ನಾವು ಮೈಕು ಹಿಡಿಯುವ ಎರಡು ತಿಂಗಳ ಮೊದಲು. ನಾವು ಓದಿರಲಿಲ್ಲ. ಓದಿದ್ದರೂ, ಜನ ಹೆದರಿಯಾರೆಂದು ಹೇಳುತ್ತಿದ್ದೆವೋ ಇಲ್ಲವೋ. ಒಪ್ಪಿಗೆಯಿಲ್ಲದೆ ಯಾರಿಗೂ ಲಸಿಕೆ ಹಾಕುವಂತಿಲ್ಲವೆಂದು 2022ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಒಪ್ಪಿಗೆ ಎಂದರೆ ತಿಳಿದು ಒಪ್ಪುವುದು. ತಿಳಿಸದೆ ಪಡೆದದ್ದನ್ನು ಏನೆನ್ನಬೇಕು? 2019ರ ಆ ರಾತ್ರಿ ವೈದ್ಯರು ಕೊಟ್ಟ ಕಾಗದವನ್ನು ನಾವು ಮನಸ್ಸಿನಲ್ಲೇ ಬೈದಿದ್ದೆವು, ಬಡ ರೈತನನ್ನು ಹೆದರಿಸುವ ಕಾಗದವೆಂದು. ಅದರಲ್ಲಿ ನಮ್ಮ ಮೈಕಿನ ಮಾತಿಗಿಂತ ಹೆಚ್ಚು ಅಮಾನತ್ ಇತ್ತು.

ಮುಂದಿನ ಜುಮಾದಲ್ಲಿ ಖುತ್ಬಾದ ಮೊದಲು ಎದ್ದು ನಿಂತು ಇದನ್ನು ಹೇಳಿದೆವು. ಸಲಹೆ ಸರಿಯಿತ್ತು, ಮಾತು ತಪ್ಪಿತ್ತು ಎಂದು. ಕೆಲವರಿಗೆ ಇಷ್ಟವಾಗಲಿಲ್ಲ. ಇನ್ನು ಮುಂದೆ ಯಾರೂ ಲಸಿಕೆ ಹಾಕಿಸಿಕೊಳ್ಳುವುದಿಲ್ಲ ನೋಡಿ ಎಂದರು ಒಬ್ಬ ಯುವಕರು. ಇರಬಹುದು.

ಆ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಪಾದದ ಮೇಲೆ ಅಂಗೈಯಗಲದ ಕಲೆ ಉಳಿದಿದೆ. ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಮೂತ್ರಪಿಂಡ ತೋರಿಸಿಕೊಂಡು ಬರುತ್ತಾಳೆ. ಅವಳ ತಂದೆ ಆ ಇಪ್ಪತ್ತೈದು ನಿಮಿಷದ ಬಗ್ಗೆ ಇಂದಿನವರೆಗೂ ಒಂದು ಮಾತು ಆಡಿಲ್ಲ. ನಾವೇ ಕ್ಷಮೆ ಕೇಳಲು ಹೋದಾಗ, "ಕಿತಾಬು ನೋಡದೆ ಹೇಗೆ ಹೇಳುತ್ತೀರಿ ಹಜ್ರತ್" ಎಂದು ನಮ್ಮ ಪರವಾಗಿ ಅವರೇ ವಾದಿಸಿದರು. ತಾಯಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು, ಏನೂ ಹೇಳಲಿಲ್ಲ.

ಈ ವರ್ಷದ ಮಳೆಗಾಲದಲ್ಲಿ ಮತ್ತೊಂದು ಮನೆಯಿಂದ ಕರೆ ಬಂತು. ನಾಲ್ಕು ವರ್ಷದ ಹುಡುಗನ ಮುಖಕ್ಕೆ ಬೀದಿನಾಯಿ ಕಚ್ಚಿತ್ತು. ಲಸಿಕೆಯ ಜೊತೆಗೆ ಗಾಯದ ಸುತ್ತ ಚುಚ್ಚುವ ಸೀರಂ ಬೇರೆ ಹಾಕಬೇಕಂತೆ, ಅದೂ ಕುದುರೆಯದಂತೆ, ಅದಕ್ಕೂ ಒಂದು ಕಾಗದವಂತೆ. ನಾಯಿಹುಚ್ಚಿನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವವರಿಲ್ಲವೆಂದೇ ಹೇಳಬೇಕು. "ನಾಯಿ ಕಚ್ಚಿದ್ದು ಬಿಟ್ಟರೆ ಏನಾಗುತ್ತದೆ, ಸೀರಂ ಆಗಿಬರದಿದ್ದರೆ ಏನು ಮಾಡುತ್ತೀರಿ, ಎರಡನ್ನೂ ಡಾಕ್ಟರನ್ನು ಕೇಳಿರಿ. ಬಿಡುವುದರಲ್ಲೇ ಹೆಚ್ಚು ಅಪಾಯವೆಂದರೆ ಈಗಲೇ ಸಹಿ ಹಾಕಿರಿ. ಅಪಾಯ ಇಲ್ಲವೆಂದು ನಾವು ಹೇಳುವುದಿಲ್ಲ, ಇದೆ. ಏನೇ ಆದರೂ ನೀವು ಕೊಂದವರಾಗುವುದಿಲ್ಲ" ಎಂದೆವು. ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ, ಹುಡುಗನ ತಾಯಿ ಪಕ್ಕದಲ್ಲಿದ್ದಾರೆಯೇ ಎಂದು ಕೇಳಿ, ಫೋನನ್ನು ಅವರ ಕೈಗೂ ಕೊಡಲು ಹೇಳಿದೆವು.